ಹಳೇ ಪವರ್ ವಾಲ್ವ್‌ಗಳು, ಮಲೆನಾಡಿನ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನ ನಮ್ಮ ಮನೆಯ ಹಜಾರದಲ್ಲಿ ವಾಲ್ವ್ ಆಂಪ್ಲಿಫೈಯರ್ (ಗಾಜಿನ ವಾಲ್ವ್‌ಗಳಿಂದ ಹಾಡಿನ ಸದ್ದು ಏರಿಸುವ ಪೆಟ್ಟಿಗೆ) ಉರಿಯುವುದನ್ನು ಮೊದಲ ಸಲ ನೋಡಿದವರು ಕೇಳುವುದು, "ಇದು ರೂಮ್ ಹೀಟರಾ?" ಎರಡನೇ ಪ್ರಶ್ನೆ, "ಇದರ ಬಲ್ಬು ಈಗಲೂ ಸಿಗುತ್ತಾ?" ಇವೆರಡಕ್ಕೂ ನಕ್ಕು ಕಾಫಿ ಕೊಟ್ಟರೆ ಸಾಕು. ಮೂರನೇ ಪ್ರಶ್ನೆಯಿಂದ ಕಷ್ಟ ಶುರು. ಅಜ್ಜನ ರೇಡಿಯೋಗ್ರಾಮ್ ಅಟ್ಟದಲ್ಲಿದೆ, ಯಾರೋ ಮುಲ್ಲಾರ್ಡ್ (ಇಂಗ್ಲೆಂಡಿನ ಹಳೇ ಕಂಪನಿಯ ವಾಲ್ವ್) ಮಾರುತ್ತಿದ್ದಾರೆ, ಇಎಲ್34 ಎಂಬ ವಾಲ್ವ್ ತೆಗೆದು ಕೆಟಿ88 ಎಂಬುದನ್ನು ಹಾಕಬಹುದಾ ಎಂದು ಹಾಸನ, ಸಕಲೇಶಪುರ, ಮೂಡಿಗೆರೆ ಕಡೆಯ ಗೆಳೆಯರು ಕೇಳುತ್ತಲೇ ಇರುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಟ್ಯೂಬ್ ಅನ್ನಬೇಕಾ, ವಾಲ್ವ್ ಅನ್ನಬೇಕಾ?

ಎರಡೂ ಒಂದೇ. ಅಮೆರಿಕದವರಿಗೆ ಟ್ಯೂಬ್, ಇಂಗ್ಲೆಂಡಿನವರಿಗೆ ವಾಲ್ವ್. ನಮ್ಮ ಕಡೆ ಹಿರಿಯರ ಬಾಯಲ್ಲಿ ಅದು ವಾಲ್ವ್ ರೇಡಿಯೋ, ವಾಲ್ವ್ ಸೆಟ್. ಪೇಟೆಯಲ್ಲಿ ಟ್ಯೂಬ್ ಕೇಳಿದರೆ ಟ್ಯೂಬ್‌ಲೈಟ್ ಕೊಡುತ್ತಾರೆ, ಇಲ್ಲ ಅಂದರೆ ಸೈಕಲ್ ಅಂಗಡಿ ತೋರಿಸುತ್ತಾರೆ.

ಹೆಸರಿನಲ್ಲಿ ಅರ್ಥವೂ ಇದೆ. ಬೀದಿಗೆ ನೀರು ಬಿಡುವ ವಾಲ್ವ್‌ಮನ್ ಗೊತ್ತಲ್ವಾ? ಗಾಜಿನ ಒಳಗೆ ಕ್ಯಾಥೋಡ್ ಬಿಸಿಯಾಗಿ ಎಲೆಕ್ಟ್ರಾನ್ ಬಿಡುತ್ತದೆ, ಪ್ಲೇಟ್ ಅದನ್ನು ಎಳೆದುಕೊಳ್ಳುತ್ತದೆ, ನಡುವೆ ಇರುವ ಗ್ರಿಡ್ಡೇ ವಾಲ್ವ್‌ಮನ್. ಗ್ರಿಡ್ಡಿಗೆ ಬರುವ ಸಣ್ಣ ಸಿಗ್ನಲ್ ಪ್ಲೇಟಿನ ದೊಡ್ಡ ಹರಿವನ್ನು ಏರಿಸಿ ಇಳಿಸುತ್ತದೆ. ಪವರ್ ವಾಲ್ವ್ ಎಂದರೆ ಕೊನೇ ಹಂತದ ವಾಲ್ವ್. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೂಲಕ ಸ್ಪೀಕರನ್ನು ದೂಡುವುದು ಅದರ ಕೆಲಸ.

ಇದೆಲ್ಲ ಸತ್ತುಹೋದ ತಂತ್ರಜ್ಞಾನ ಅಲ್ವಾ?

ಹಾಸನದವರು ಈ ಪ್ರಶ್ನೆ ಕೇಳಿದರೆ ನನಗೆ ಖುಷಿ. 1982ರಿಂದ ಹಾಸನದಲ್ಲಿರುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನೋಡಿಕೊಳ್ಳುತ್ತಿರುವ ಸಂಪರ್ಕ ಉಪಗ್ರಹಗಳಲ್ಲಿ ಟ್ರಾವೆಲಿಂಗ್ ವೇವ್ ಟ್ಯೂಬ್ ಎಂಬ ನಿರ್ವಾತ ಕೊಳವೆಗಳು ಇರುತ್ತವೆ. ಅದು ನಮ್ಮ ಇಎಲ್34ರ ದೂರದ ದಾಯಾದಿ. ನೀವು ನೋಡಿದ ಟಿವಿ ಚಾನೆಲ್ ಎಷ್ಟೋ ಸಲ ಆಕಾಶದಲ್ಲಿ ಒಂದು ವಾಲ್ವ್ ದಾಟಿಯೇ ಮನೆಗೆ ಬಂದಿರುತ್ತದೆ.

ಇಎಲ್84, ಇಸಿಎಲ್82 ಈ ನಂಬರುಗಳ ಗುಟ್ಟೇನು?

ಯುರೋಪಿನ ಲೆಕ್ಕ ಸುಲಭ. ಮೊದಲ ಅಕ್ಷರ ಹೀಟರ್ (ಕ್ಯಾಥೋಡನ್ನು ಕಾಯಿಸುವ ತಂತಿ): ಇ ಅಂದರೆ 6.3 ವೋಲ್ಟ್, ಜಿ ಅಂದರೆ 5 ವೋಲ್ಟ್. ಆಮೇಲಿನ ಅಕ್ಷರ ಒಳಗೆ ಏನಿದೆ ಎಂಬುದು: ಎಲ್ ಎಂದರೆ ಔಟ್‌ಪುಟ್ ಪೆಂಟೋಡ್ (ಮೂರು ಗ್ರಿಡ್ಡಿನದು), ಸಿ ಎಂದರೆ ಸಣ್ಣ ಟ್ರಯೋಡ್ (ಒಂದೇ ಗ್ರಿಡ್ಡಿನದು), ಝಡ್ ಎಂದರೆ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವುದು). ನಂಬರ್ 30ರ ಸಾಲಿನದಾದರೆ ಎಂಟು ಪಿನ್ನಿನ ದಪ್ಪ ಬುಡ, 80ರ ಸಾಲಾದರೆ ಒಂಬತ್ತು ಸಣ್ಣ ಪಿನ್. ಅಲ್ಲಿಗೆ ಇಸಿಎಲ್82 ಎಂದರೆ 6.3 ವೋಲ್ಟಿನ, ಒಂದು ಟ್ರಯೋಡ್ ಮತ್ತು ಒಂದು ಪೆಂಟೋಡ್ ಒಟ್ಟಿಗೆ ಇರುವ, ಒಂಬತ್ತು ಪಿನ್ನಿನ ವಾಲ್ವ್.

ಅಮೆರಿಕದ ನಂಬರಿನಲ್ಲಿ ಮೊದಲ ಅಂಕಿ ಮಾತ್ರ ಹೀಟರ್ ವೋಲ್ಟೇಜಿನ ಸುಳಿವು. ಉಳಿದದ್ದು ಬಾಯಿಪಾಠ. 6ಬಿಕ್ಯೂ5 ಎಂದರೆ ಇಎಲ್84, 6ಸಿಎ7 ಎಂದರೆ ಇಎಲ್34.

ಮುಖ್ಯ ಪವರ್ ವಾಲ್ವ್‌ಗಳನ್ನು ಹೋಲಿಸಿ ಹೇಳುತ್ತೀರಾ?

ಹೇಳುತ್ತೇನೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಾಲ್ವಿನ ದನಿ ಎಂದು ನಾವು ಹೊಗಳುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ದನಿ, ಸರ್ಕ್ಯೂಟಿನ ದನಿ. ಬೇರೆ ಬೇರೆ ಆಂಪ್ಲಿಫೈಯರಿನಲ್ಲಿ ಕೇಳಿ "ಕೆಟಿ66 ಹೀಗೆ, 6ಎಲ್6 ಹಾಗೆ" ಎಂದು ತೀರ್ಪು ಕೊಡುವುದು, ಬೇರೆ ಬೇರೆ ಮನೆಯಲ್ಲಿ ಸಾರು ಉಂಡು ಬೇಳೆಯನ್ನು ಬೈದ ಹಾಗೆ.

ಇಎಲ್84: 1953ರ ಸುಮಾರಿಗೆ ಫಿಲಿಪ್ಸ್ ಕಡೆಯಿಂದ ಬಂದ ಚಿಕ್ಕ ವಾಲ್ವ್. ಪ್ಲೇಟ್ ತಡೆಯುವುದು 12 ವ್ಯಾಟ್ ಬಿಸಿ. ಪುಷ್‌ಪುಲ್ (ಒಂದು ದೂಡಿದರೆ ಇನ್ನೊಂದು ಎಳೆಯುವ) ಜೋಡಿಯಿಂದ 10ರಿಂದ 17 ವ್ಯಾಟ್ ಔಟ್‌ಪುಟ್ ತೆಗೆಯಬಹುದು. 1954ರಲ್ಲಿ ಮುಲ್ಲಾರ್ಡ್ ಕಂಪನಿ ಐದು ವಾಲ್ವ್, 10 ವ್ಯಾಟ್ ಎಂಬ ಲೆಕ್ಕದಲ್ಲಿ "5-10" ಎಂಬ ಡಿಸೈನ್ ಹೊರತಂದಿತು. ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟುವವರಿಗೆ ಅದು ಇವತ್ತಿಗೂ ಮೊದಲ ಪಾಠ. ಇಎಲ್84ಗೆ ದೂಡಲು ಸಣ್ಣ ಸಿಗ್ನಲ್ ಸಾಕು, ಹಾಗಾಗಿ ಸರ್ಕ್ಯೂಟೂ ಸರಳ. ಹಾಡುಗಾರರ ದನಿ ಮುಂದೆ ಬಂದು ಕೂರುತ್ತದೆ. ಬೇಸ್ (ಕೆಳಗಿನ ದಪ್ಪ ಸ್ವರ) ಸ್ವಲ್ಪ ಹಗುರ. ಗಾಜು ಚಿಕ್ಕದಾದ್ದರಿಂದ ವಿಪರೀತ ಬಿಸಿಯಾಗುತ್ತದೆ, ಸುತ್ತ ಗಾಳಿ ಆಡಬೇಕು.

ಇಎಲ್34: 25 ವ್ಯಾಟ್ ತಡೆಯುವ ಪ್ಲೇಟ್, ಜೋಡಿಗೆ 35 ವ್ಯಾಟ್ ಆರಾಮಾಗಿ. 1959ರ ಡೈನಾಕೋ ಎಸ್‌ಟಿ-70 ಆಂಪ್ಲಿಫೈಯರ್ ಇದರ ಮೇಲೆಯೇ ನಿಂತಿದೆ, ಒಂದೊಂದು ಕಡೆಗೂ 35 ವ್ಯಾಟ್. ನಡು ಸ್ವರಗಳಲ್ಲಿ ಇದಕ್ಕೊಂದು ಸಿಹಿ ಇದೆ. ದೊರೆಸ್ವಾಮಿ ಅಯ್ಯಂಗಾರರ ವೀಣೆಯ ಗಮಕ ತಂತಿಯ ಮೇಲೆ ಜಾರುವುದನ್ನು ಇದರಲ್ಲಿ ಕೇಳಿದರೆ ಬಿಡಲು ಮನಸ್ಸಾಗುವುದಿಲ್ಲ. ಇದು ನನ್ನ ಕಿವಿಯ ಮಾತು, ನಿಮ್ಮ ಕಿವಿ ಬೇರೆ ಹೇಳಬಹುದು.

6ಎಲ್6: 1936ರಲ್ಲಿ ಆರ್‌ಸಿಎ ತಂದದ್ದು. ಮೊದಲು ಬಂದಾಗ ಗಾಜೇ ಇರಲಿಲ್ಲ, ಲೋಹದ ಡಬ್ಬಿ. ಆಮೇಲಿನ 6ಎಲ್6ಜಿಸಿ 30 ವ್ಯಾಟ್ ತಡೆಯುತ್ತದೆ. ನೇರ, ಬಿಗಿ ದನಿ, ಸಕ್ಕರೆ ಕಡಿಮೆ. ಹೀಟರ್ ತಿನ್ನುವುದು ಬರೀ 0.9 ಆಂಪ್. ಗಟ್ಟಿ ಜೀವ.

6ವಿ6: 6ಎಲ್6ರ ತಮ್ಮ. ಹೀಟರ್ 0.45 ಆಂಪ್. ಜೋಡಿಗೆ 10 ವ್ಯಾಟ್ ಆಸುಪಾಸು. ಯಾರೂ ಇದರ ಬಗ್ಗೆ ಜಂಬ ಕೊಚ್ಚುವುದಿಲ್ಲ, ಹಾಗಾಗಿ ಬೆಲೆ ಇನ್ನೂ ಕೈಗೆಟುಕುತ್ತದೆ. ನನಗೆ ಬಹಳ ಇಷ್ಟ.

ಕೆಟಿ66: 1937ರ ಬ್ರಿಟಿಷ್ ವಾಲ್ವ್. 1947ರಲ್ಲಿ ಬ್ರಿಟಿಷ್ ಇಂಜಿನಿಯರ್ ವಿಲಿಯಮ್‌ಸನ್ ತಮ್ಮ ಹೆಸರಾಂತ ಆಂಪ್ಲಿಫೈಯರಿಗೆ ಆರಿಸಿಕೊಂಡದ್ದು ಇದನ್ನೇ. 1953ರ ಕ್ವಾಡ್ 2ರಲ್ಲೂ ಇದೇ ಜೋಡಿ, 15 ವ್ಯಾಟ್. ನೋಡಲೂ ಚೆಂದ, ಕೋಕ್ ಬಾಟಲಿಯಂತೆ ಸೊಂಟ. ಹಳೇ ಅಸಲಿ ಕೆಟಿ66 ಬೆಲೆ ಕೇಳಿದರೆ ಕಾಫಿ ರೇಟು ಏರಿದ ವರ್ಷ ಮಾತ್ರ ತೆಗೆದುಕೊಳ್ಳಬಹುದು ಅನ್ನಿಸುತ್ತದೆ.

ಕೆಟಿ88 ಮತ್ತು 6550: ದೊಡ್ಡಣ್ಣಂದಿರು. 6550 ಅಮೆರಿಕದ ಟಂಗ್‌ಸಾಲ್ ಕಡೆಯದು, ಕೆಟಿ88 ಇಂಗ್ಲೆಂಡಿನ ಜಿಇಸಿ ಕಡೆಯದು. ಎರಡೂ 1950ರ ದಶಕದ ನಡುವಿನವು, ಪ್ಲೇಟ್ 35 ವ್ಯಾಟಿನಿಂದ ಮೇಲೆ. 1961ರ ಮೆಕಿಂಟಾಶ್ ಎಂಸಿ275 ಒಂದು ಜೋಡಿ ಕೆಟಿ88ರಿಂದ 75 ವ್ಯಾಟ್ ತೆಗೆಯಿತು. ಬೇಸ್ ಹಿಡಿತ ಇದರದ್ದೇ. ಮೃದಂಗದ ಎಡಗೈ ಪೆಟ್ಟು ಎದೆಗೆ ಬರುತ್ತದೆ. ಆದರೆ ಅದಕ್ಕೆ ತಕ್ಕ ಟ್ರಾನ್ಸ್‌ಫಾರ್ಮರ್ ಬೇಕು, ಎರಡು ಕೈಯಲ್ಲೂ ಎತ್ತಲು ಕಷ್ಟ.

300ಬಿ ಬಗ್ಗೆ ಏನೂ ಹೇಳಲಿಲ್ಲವಲ್ಲ?

ಬೇಕೆಂದೇ ಬಿಟ್ಟೆ. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ 1930ರ ದಶಕದಲ್ಲಿ ಸಿನಿಮಾ ಥಿಯೇಟರಿನಂಥ ಕೆಲಸಕ್ಕೆ ಮಾಡಿದ ಟ್ರಯೋಡ್ ಅದು. ಒಂಟಿಯಾಗಿ ಓಡಿಸಿದರೆ ಸಿಗುವುದು ಸುಮಾರು 8 ವ್ಯಾಟ್. ಅದರ ಹಿರಿಯ 2ಎ3 ಕೊಡುವುದು ಮೂರೂವರೆ. ಗಂಗೂಬಾಯಿ ಹಾನಗಲ್ ಅವರ ಗಂಭೀರ ದನಿಯನ್ನು ಒಳ್ಳೇ 300ಬಿ ಮೂಲಕ ಒಮ್ಮೆ ಕೇಳಿದ್ದೇನೆ. ಕೋಣೆಯಲ್ಲಿ ಮನುಷ್ಯರು ಇದ್ದಂತೆ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕೆ ತುಂಬಾ ಸೂಕ್ಷ್ಮ ಸ್ಪೀಕರ್ ಬೇಕು, ಬೇರೆ ಟ್ರಾನ್ಸ್‌ಫಾರ್ಮರ್ ಬೇಕು, ಲೈನ್ ಸ್ಥಿರವಾಗಿರಬೇಕು. ಮೂರೂ ಇದ್ದವರು ನನ್ನನ್ನು ಕೇಳುವುದಿಲ್ಲ.

ನಮ್ಮ ಮನೆಗೆ ಎಷ್ಟು ವ್ಯಾಟ್ ಬೇಕು?

ನೀವು ಅಂದುಕೊಂಡಿದ್ದಕ್ಕಿಂತ ಕಡಿಮೆ. ಸ್ಪೀಕರಿನ ಹಿಂದೆ 88 ಡೆಸಿಬೆಲ್ ಎಂದು ಬರೆದಿದೆ ಅಂದುಕೊಳ್ಳಿ. 1 ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 88. ವ್ಯಾಟ್ ಎರಡು ಪಟ್ಟಾದಾಗಲೆಲ್ಲ 3 ಡೆಸಿಬೆಲ್ ಏರುತ್ತದೆ. 16 ವ್ಯಾಟಿಗೆ 100 ಡೆಸಿಬೆಲ್ ಆಯಿತು. ಇಷ್ಟು ಇಎಲ್84 ಜೋಡಿಯೇ ಕೊಡುತ್ತದೆ. ಇಎಲ್34ಗೆ ಹೋದರೆ ಅದರ ಮೇಲೆ ಮೂರು ಡೆಸಿಬೆಲ್ ಚಿಲ್ಲರೆ. ಕೆಟಿ88ಗೆ ಹೋದರೂ ಹೆಚ್ಚೆಂದರೆ ಆರೇಳು. ದನಿ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು.

ಪೇಟೆಯ ಹನ್ನೆರಡಕ್ಕೆ ಹದಿನಾಲ್ಕು ಅಡಿ ರೂಮಿಗೆ ಇಎಲ್84 ಅಥವಾ 6ವಿ6 ಸಾಕು. ಎಸ್ಟೇಟ್ ಬಂಗಲೆಯ ಹಜಾರ ಬೇರೆ ಲೆಕ್ಕ. ಎತ್ತರದ ಮಂಗಳೂರು ಹೆಂಚಿನ ಮಾಡು, ಮೂರು ಕಡೆ ತೆರೆದ ಬಾಗಿಲು, ಹೊರಗೆ ಜುಲೈ ಮಳೆಯ ಸದ್ದು. ಅಲ್ಲಿ ಇಎಲ್34 ಹಾಕಿ. ಇನ್ನು ನೀವು ಯಕ್ಷಗಾನದ ರೆಕಾರ್ಡಿಂಗ್ ಜೋರಾಗಿ ಕೇಳುವವರಾದರೆ ನನ್ನ ಮಾತು ಬದಲಾಗುತ್ತದೆ. ಚಂಡೆಯ ಒಂದು ಪೆಟ್ಟು ಸರಾಸರಿ ದನಿಗಿಂತ ಎಷ್ಟೋ ಮೇಲೆ ಹಾರುತ್ತದೆ. ಸಣ್ಣ ಆಂಪ್ಲಿಫೈಯರ್ ಅಲ್ಲಿ ತಲೆ ಜಜ್ಜಿಕೊಳ್ಳುತ್ತದೆ. ಕೊಪ್ಪದ ಕಡೆಯ ಗೆಳೆಯರೊಬ್ಬರು ಇದೇ ಕಾರಣಕ್ಕೆ ಕೆಟಿ88 ಇಟ್ಟುಕೊಂಡಿದ್ದಾರೆ. ಅವರ ನೆರೆಯವರ ಅಭಿಪ್ರಾಯ ನಾನು ಕೇಳಿಲ್ಲ.

ಬಿಇಎಲ್ ವಾಲ್ವ್ ಚೆನ್ನಾಗಿರುತ್ತದಾ? ಅಟ್ಟದಲ್ಲಿ ಸಿಕ್ಕಿದೆ.

ಎಸೆಯಬೇಡಿ! 1954ರಲ್ಲಿ ಶುರುವಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ಜೊತೆ ಸೇರಿ ರೇಡಿಯೋ ವಾಲ್ವ್ ಮಾಡಲು ತೊಡಗಿತು. ಹಾಗಾಗಿ ಬಿಇಎಲ್ ಇಎಲ್84 ಒಳಗೆ ನೋಡಿದರೆ ಫಿಲಿಪ್ಸ್ ಮನೆತನದ ಹೋಲಿಕೆ ಎದ್ದು ಕಾಣುತ್ತದೆ. ಮುಲ್ಲಾರ್ಡ್ ಕೂಡ ಅದೇ ಮನೆತನದ್ದು. ಹೊರಗಿನವರು ಇದನ್ನು ಈಗೀಗ ಹುಡುಕಿ ಕೊಳ್ಳುತ್ತಿದ್ದಾರೆ. ನಮಗೆ ಅದು ಹಳೇ ರೇಡಿಯೋ ರಿಪೇರಿಯವರ ಡ್ರಾಯರಿನಲ್ಲಿ, ಬೆಂಗಳೂರಿನ ಎಸ್‌ಪಿ ರೋಡಿನ ಮೂಲೆ ಅಂಗಡಿಯಲ್ಲಿ, ಒಮ್ಮೊಮ್ಮೆ ಸ್ವಂತ ಅಟ್ಟದಲ್ಲೇ ಸಿಗುತ್ತದೆ.

ದೋಷ ಇಲ್ಲ ಎಂದಲ್ಲ. ಜೋಡಿ ಹೊಂದಿಸುವುದು ಸ್ವಲ್ಪ ಕೆಲಸ. ಎಂಟು ಹತ್ತು ತಂದು ಅಳೆದರೆ ಸರಿಹೊಂದುವ ನಾಲ್ಕು ಸಿಗುತ್ತವೆ. ಆದರೂ ಬಳಸದೆ ಉಳಿದ ಹಳೇ ಸ್ಟಾಕಿನ ಬಿಇಎಲ್ ಇಎಲ್84, ಸವೆದುಹೋದ ಮುಲ್ಲಾರ್ಡಿಗಿಂತ ಸಾವಿರ ಪಾಲು ಮೇಲು.

ಮುಲ್ಲಾರ್ಡ್ ಅಸಲಿಯೋ ನಕಲಿಯೋ ಹೇಗೆ ಗೊತ್ತಾಗುತ್ತದೆ?

ಹೆಸರು ಓದಬೇಡಿ, ಕೋಡ್ ಓದಿ. ಗಾಜಿನ ಮೇಲಿನ ಬಣ್ಣದ ಹೆಸರನ್ನು ಯಾರು ಬೇಕಾದರೂ ಅಳಿಸಿ ಇನ್ನೊಂದು ಅಚ್ಚು ಹಾಕಬಹುದು. ಗಾಜಿನ ಕೆಳಭಾಗದಲ್ಲಿ ಬೂದು ಬಣ್ಣದಲ್ಲಿ ಕೆತ್ತಿದಂತಿರುವ ಎರಡು ಸಾಲು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಇಎಲ್34 ಆದರೆ ಮೇಲಿನ ಸಾಲು ಎಕ್ಸ್‌ಎಫ್ ಎಂದು ಶುರುವಾಗಿ 1, 2, 3 ಎಂದು ಆವೃತ್ತಿ ನಂಬರ್ ಇರುತ್ತದೆ. ಕೆಳಗಿನ ಸಾಲು ಬಿ5ಕೆ1 ಎಂದಿದ್ದರೆ: ಬಿ ಎಂದರೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಫ್ಯಾಕ್ಟರಿ, 5 ಎಂದರೆ ವರ್ಷದ ಕೊನೇ ಅಂಕಿ, ಕೆ ಎಂದರೆ ಹನ್ನೊಂದನೇ ತಿಂಗಳು, 1 ಎಂದರೆ ಮೊದಲ ವಾರ. ದಶಕವನ್ನು ಒಳಗಿನ ರಚನೆ ಮತ್ತು ಆವೃತ್ತಿ ನೋಡಿ ಊಹಿಸಬೇಕು.

ಟೆಲಿಫುಂಕನ್ ಸಣ್ಣ ವಾಲ್ವ್ ಆದರೆ ಪಿನ್ನುಗಳ ನಡುವೆ ಗಾಜಿನಲ್ಲೇ ವಜ್ರಾಕೃತಿ ಒತ್ತಿರುತ್ತದೆ. ಉಗುರಿಗೆ ಸಿಗುತ್ತದೆ.

ನಾನು ಮೋಸ ಹೋಗಿದ್ದೇನೆ. ನಾಲ್ಕು "ಮುಲ್ಲಾರ್ಡ್" ತರಿಸಿಕೊಂಡೆ. ಹೆಸರು ಫಳಫಳ ಹೊಳೆಯುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೆಸರು ಬಟ್ಟೆಗೆ ಬಂತು, ಕೋಡ್ ಇರಲೇ ಇಲ್ಲ. ಆದರೆ ಇದನ್ನೂ ನೆನಪಿಡಿ, ಅಸಲಿ ಮುಲ್ಲಾರ್ಡಿನ ಹೆಸರೂ ಒರೆಸಿದರೆ ಹೋಗುತ್ತದೆ. ಕೋಡ್ ನೋಡದೆ ಬಟ್ಟೆ ಹಿಡಿಯಬೇಡಿ.

ಇನ್ನೊಂದು ಗೊಂದಲ: ಇವತ್ತು ಹೊಸ ಪೆಟ್ಟಿಗೆಯಲ್ಲಿ ಬರುವ ಮುಲ್ಲಾರ್ಡ್, ಟಂಗ್‌ಸಾಲ್, ಗೋಲ್ಡ್ ಲಯನ್ ವಾಲ್ವ್‌ಗಳು ರಷ್ಯಾದ ಸರಾಟೊವ್ ಊರಿನಲ್ಲಿ ತಯಾರಾದವು. ಹಳೇ ಹೆಸರನ್ನು ಕೊಂಡುಕೊಂಡಿದ್ದಾರೆ, ಅಷ್ಟೆ. ಅದು ಮೋಸವಲ್ಲ, ಕೆಟ್ಟ ವಾಲ್ವೂ ಅಲ್ಲ. ಹಳೇದೆಂದು ಹಳೇ ಬೆಲೆಗೆ ಮಾರಿದರೆ ಮಾತ್ರ ಮೋಸ.

ವಾಲ್ವ್ ಟೆಸ್ಟರ್ ಇಲ್ಲದೆ ಹಳೇ ವಾಲ್ವ್ ನೋಡಿ ಏನು ಹೇಳಬಹುದು?

ತಲೆಯ ಒಳಗೆ ಬೆಳ್ಳಿ ಬಣ್ಣದ ಲೇಪ ಇದೆಯಾ ನೋಡಿ. ಅದು ಗೆಟರ್, ಒಳಗೆ ಉಳಿದ ಅನಿಲವನ್ನು ಹೀರಿಕೊಳ್ಳುವುದು ಅದರ ಕೆಲಸ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ, ವಾಲ್ವ್ ಮುಗಿಯಿತು. ಬೆಳ್ಳಿಯ ಅಂಚು ಕಂದಾಗಿ ತೆಳುವಾಗಿದ್ದರೆ ಬಹಳ ದುಡಿದಿದೆ. ಎಂಟು ಪಿನ್ನಿನದಾದರೆ ಬುಡ ಅಲ್ಲಾಡುತ್ತದಾ, ನಡುವಿನ ಪ್ಲಾಸ್ಟಿಕ್ ಗೂಟ ಮುರಿದಿದೆಯಾ ನೋಡಿ. ಗೂಟ ಮುರಿದ ವಾಲ್ವನ್ನು ತಿರುಗಿಸಿ ತಪ್ಪು ತೂತಿಗೆ ಹಾಕಿ ಆಂಪ್ಲಿಫೈಯರ್ ಸುಟ್ಟವರಿದ್ದಾರೆ. ಮೀಟರಿನಲ್ಲಿ ಹೀಟರ್ ಪಿನ್ ನೋಡಿದರೆ ಕೆಲವೇ ಓಮ್ ತೋರಿಸಬೇಕು. ಮೆಲ್ಲಗೆ ಅಲ್ಲಾಡಿಸಿ, ಒಳಗೆ ಗಿಲಿಗಿಲಿ ಅನ್ನಬಾರದು.

ಇಷ್ಟರಿಂದ ಸತ್ತದ್ದನ್ನು ಬೇರೆ ಮಾಡಬಹುದು. ಎಷ್ಟು ಬದುಕಿದೆ ಎಂಬುದಕ್ಕೆ ಟೆಸ್ಟರೇ ಬೇಕು. ಟೆಸ್ಟರಿನಲ್ಲೂ ಬರೀ ಎಮಿಶನ್ (ಎಷ್ಟು ಎಲೆಕ್ಟ್ರಾನ್ ಬಿಡುತ್ತದೆ ಎಂದು) ತೋರಿಸುವುದಕ್ಕಿಂತ ಮಿಲಿಆಂಪ್ ಪರ್ ವೋಲ್ಟ್ (ಗ್ರಿಡ್ಡಿನ ಒಂದು ವೋಲ್ಟಿಗೆ ಪ್ಲೇಟಿನ ಹರಿವು ಎಷ್ಟು ಬದಲಾಗುತ್ತದೆ ಎಂದು) ಅಳೆಯುವುದು ನಂಬಿಕಸ್ತ. ಒಳ್ಳೇ ಇಎಲ್34 ಹನ್ನೊಂದರ ಹತ್ತಿರ ತೋರಿಸಬೇಕು. ಇಎಲ್84 ಕೂಡ ಅಷ್ಟೇ.

ಒಂದರ ಜಾಗದಲ್ಲಿ ಇನ್ನೊಂದು ಹಾಕಬಹುದಾ? ಪಿನ್ ಸರಿಹೊಂದುತ್ತದೆ.

ಚಪ್ಪಲಿ ಕಾಲಿಗೆ ಹೊಂದಿತು ಎಂದು ಅದು ನಿಮ್ಮದಾಗುವುದಿಲ್ಲ.

ಮೊದಲು ಹೀಟರ್. 6ಎಲ್6ಜಿಸಿ 0.9 ಆಂಪ್ ತಿನ್ನುತ್ತದೆ, ಇಎಲ್34 ತಿನ್ನುವುದು 1.5. ನಾಲ್ಕು ಬದಲಿಸಿದರೆ 2.4 ಆಂಪ್ ಹೆಚ್ಚುವರಿ ಭಾರ. ಪವರ್ ಟ್ರಾನ್ಸ್‌ಫಾರ್ಮರಿಗೆ ಆ ಶಕ್ತಿ ಇದೆಯಾ? ಇಲ್ಲದಿದ್ದರೆ ಅದು ಕಾದು ಕಾದು ಒಂದು ದಿನ ಮೇಣ ಕಾರುತ್ತದೆ. ಎರಡನೆಯದು ಪಿನ್ 1. ಇಎಲ್34ರಲ್ಲಿ ಸಪ್ರೆಸರ್ ಗ್ರಿಡ್ ಪಿನ್ 1ಕ್ಕೆ ಬಂದಿರುತ್ತದೆ, ಅದನ್ನು ಪಿನ್ 8ಕ್ಕೆ (ಕ್ಯಾಥೋಡಿಗೆ) ಜೋಡಿಸಿರಬೇಕು. 6ಎಲ್6ಗೆಂದು ಕಟ್ಟಿದ ಸಾಕೆಟ್ಟಿನಲ್ಲಿ ಆ ತಂತಿ ಇಲ್ಲದೆಯೂ ಇರಬಹುದು, ಅಥವಾ ಪಿನ್ 1ರಲ್ಲಿ ಬೇರೇನೋ ಕಟ್ಟಿರಬಹುದು. ಮೂರನೆಯದು ಬಯಾಸ್ (ಏನೆಂದು ಕೆಳಗೆ ಹೇಳಿದ್ದೇನೆ), ನಾಲ್ಕನೆಯದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಲೋಡ್. ಇಎಲ್84 ಜೋಡಿ 8,000 ಓಮ್ ಕೇಳಿದರೆ ಕೆಟಿ88 ಜೋಡಿ 5,000 ಆಸುಪಾಸು ಕೇಳುತ್ತದೆ.

ಇಎಲ್34 ತೆಗೆದು ಕೆಟಿ88 ಹಾಕುವ ಆಸೆ ಎಲ್ಲರಿಗೂ ಒಮ್ಮೆ ಬರುತ್ತದೆ. ಹೀಟರ್ ವ್ಯತ್ಯಾಸ ಬರೀ 0.1 ಆಂಪ್. ಬಯಾಸ್ ಹೊಂದಿಸಲು ಬರುವ ಆಂಪ್ಲಿಫೈಯರ್ ಆದರೆ ಕೆಲವು ಸಲ ನಡೆಯುತ್ತದೆ. ಆದರೆ ಅದರಿಂದ ವ್ಯಾಟ್ ಏನೂ ಏರುವುದಿಲ್ಲ. ಟ್ರಾನ್ಸ್‌ಫಾರ್ಮರ್, ಸಪ್ಲೈ ಎರಡೂ ಹಳೇದೇ ಅಲ್ವಾ?

ಹಳೇ ಇಎಲ್84 ಜಾಗಕ್ಕೆ ರಷ್ಯಾದ 6ಪಿ14ಪಿ-ಇವಿ ಹಾಕಬಹುದು. ಗಟ್ಟಿಮುಟ್ಟು.

ನಮ್ಮ ಊರಿನ ವೋಲ್ಟೇಜಿಗೆ ಹಳೇ ವಾಲ್ವ್ ತಡೆಯುತ್ತದಾ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಯಾವ ಕಂಪನಿ, ಯಾವ ದಶಕ ಎಂದು ತಿಂಗಳುಗಟ್ಟಲೆ ಚರ್ಚೆ ಮಾಡುವವರು ಪ್ಲಗ್ಗಿನಲ್ಲಿ ಎಷ್ಟು ವೋಲ್ಟ್ ಬರುತ್ತಿದೆ ಎಂದು ಒಂದು ಸಲವೂ ಅಳೆದಿರುವುದಿಲ್ಲ.

ಮಲೆನಾಡಿನ ಲೈನಿಗೆ ಋತುಮಾನ ಇದೆ. ಕೊಯ್ಲಿನ ಕಾಲದಲ್ಲಿ ಸಂಜೆ ಕಾಫಿ ಹಣ್ಣು ಸುಲಿಯುವ ಪಲ್ಪರ್ ಮೋಟರ್‌ಗಳು ಎದ್ದಾಗ ವೋಲ್ಟೇಜ್ ಕುಸಿಯುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬಾರದೆ ಎಲ್ಲರೂ ಸ್ಪ್ರಿಂಕ್ಲರ್ ಹಾಕಿದರೆ ಇನ್ನೂ ಕುಸಿಯುತ್ತದೆ. ರಾತ್ರಿ ಹನ್ನೊಂದಕ್ಕೆ ಮೋಟರ್ ಎಲ್ಲ ನಿಂತ ಮೇಲೆ ಅದೇ ಲೈನ್ 250 ಮುಟ್ಟುತ್ತದೆ. ಹಾಡು ಕೇಳಲು ನಾವು ಕೂರುವುದೂ ಆಗಲೇ.

ಲೆಕ್ಕ ನೋಡಿ. 230 ವೋಲ್ಟಿಗೆ ಮಾಡಿದ ಟ್ರಾನ್ಸ್‌ಫಾರ್ಮರಿಗೆ 250 ಬಂದರೆ 6.3 ಇರಬೇಕಾದ ಹೀಟರ್ 6.85 ಆಗುತ್ತದೆ. ಶೇಕಡಾ 10ರ ಮಿತಿ 6.93, ಅಂದರೆ ಗಡಿಯ ಅಂಚಿಗೆ ಬಂದಿರಿ. ಹಳೇ ಸೆಟ್‌ 220ಕ್ಕೆ ಮಾಡಿದ್ದಾದರೆ ಹೀಟರ್ 7.16ಕ್ಕೆ ಹೋಗುತ್ತದೆ, ಗಡಿ ದಾಟಿತು. ಪ್ಲೇಟಿನ 400 ವೋಲ್ಟ್ ಕೂಡ ಜೊತೆಯಲ್ಲೇ ಏರುತ್ತದೆ. ಹಳೇ ವಾಲ್ವ್ ಹೀಗೆ ವರ್ಷ ಓಡಿದರೆ ಎಷ್ಟು ದುಡ್ಡು ಕೊಟ್ಟಿದ್ದರೂ ಅಷ್ಟೆ. ಕಡಿಮೆಯಾದರೂ ಒಳ್ಳೆಯದಲ್ಲ. 170 ಬಂದಾಗ ಹೀಟರ್ 4.7ರ ಹತ್ತಿರ. ಕ್ಯಾಥೋಡ್ ಸರಿಯಾಗಿ ಕಾಯುವುದಿಲ್ಲ, ದನಿ ಮಂಕಾಗುತ್ತದೆ, ವಾಲ್ವೂ ಹಾಳಾಗುತ್ತದೆ.

ಏನು ಮಾಡಬೇಕು? ಒಂದು ವಾರ ಮಲ್ಟಿಮೀಟರ್ ಹಿಡಿದು ಸಂಜೆ ಏಳಕ್ಕೆ, ರಾತ್ರಿ ಹನ್ನೊಂದಕ್ಕೆ ಬರೆದಿಡಿ. ಬ್ರಿಟಿಷ್ ಸೆಟ್ ಆದರೆ ಹಿಂದೆ 200ರಿಂದ 250ರವರೆಗೆ ಟ್ಯಾಪ್ ಬದಲಿಸುವ ವ್ಯವಸ್ಥೆ ಇರಬಹುದು, ಅದನ್ನು ಮೇಲಿನ ಟ್ಯಾಪಿಗೆ ಹಾಕಿ. ಏರಿಳಿತ ಜಾಸ್ತಿ ಇದ್ದರೆ ಸರ್ವೋ (ಮೋಟರಿನಿಂದ ನಯವಾಗಿ ಹೊಂದಿಸುವ) ಸ್ಟೆಬಿಲೈಸರ್ ತೆಗೆದುಕೊಳ್ಳಿ. ಫ್ರಿಜ್ಜಿಗೆ ಹಾಕುವ ರಿಲೇ ಸ್ಟೆಬಿಲೈಸರ್ ಟಕ್ ಟಕ್ ಎಂದು ಮೆಟ್ಟಿಲು ಹತ್ತಿ ಇಳಿಯುತ್ತದೆ, ಆ ಟಕ್ ಸ್ಪೀಕರಿನಲ್ಲೂ ಕೇಳುತ್ತದೆ. ಒಂದು ಜೋಡಿ ಹಳೇ ಮುಲ್ಲಾರ್ಡಿನ ದುಡ್ಡಿನಲ್ಲಿ ಒಳ್ಳೇ ಸರ್ವೋ ಬರುತ್ತದೆ. ಮೊದಲು ಅದನ್ನು ತನ್ನಿ.

ಇನ್ವರ್ಟರ್‌ನಲ್ಲಿ ಓಡಿಸಬಹುದಾ?

ಸೈನ್ ವೇವ್ ಆದರೆ ಓಡಿಸಿ. ಸ್ಕ್ವೇರ್ ವೇವ್ ಇನ್ವರ್ಟರಿಗೆ ಬೇಡ, ಟ್ರಾನ್ಸ್‌ಫಾರ್ಮರ್ ಜೇನುಗೂಡಿನಂತೆ ಗುಂಯ್ಗುಡುತ್ತದೆ, ಬಿಸಿಯೂ ಆಗುತ್ತದೆ. ಬ್ಯಾಟರಿ ಲೆಕ್ಕವನ್ನೂ ಇಟ್ಟುಕೊಳ್ಳಿ. ನಾಲ್ಕು ಇಎಲ್34ರ ಹೀಟರ್ ಒಂದಕ್ಕೇ ಸುಮಾರು 38 ವ್ಯಾಟ್, ಹಾಡು ಶುರುವಾಗುವ ಮೊದಲೇ. ನಾಲ್ಕು ಇಎಲ್84ಕ್ಕೆ ಅದರ ಅರ್ಧ.

ಬಯಾಸ್ ಎಂದರೆ ಏನು? ನಾನೇ ಹೊಂದಿಸಬಹುದಾ?

ಹಾಡು ಇಲ್ಲದಾಗಲೂ ವಾಲ್ವಿನಲ್ಲಿ ಸ್ವಲ್ಪ ಕರೆಂಟ್ ಹರಿಯುತ್ತಿರಬೇಕು. ಎಷ್ಟು ಎಂದು ನಿಗದಿ ಮಾಡುವುದೇ ಬಯಾಸ್. ಕ್ಯಾಥೋಡ್ ರೆಸಿಸ್ಟರ್ ಇರುವ ಸಣ್ಣ ಸೆಟ್‌ಗಳಲ್ಲಿ ವಾಲ್ವ್ ತಾನೇ ಹೊಂದಿಕೊಳ್ಳುತ್ತದೆ, ನೀವು ಮಾಡುವುದು ಏನಿಲ್ಲ. ಇಎಲ್84 ಸೆಟ್‌ಗಳು ಬಹುಪಾಲು ಹೀಗೇ. ಹೊಸಬರಿಗೆ ನಾನು ಇಎಲ್84 ಹೇಳುವುದಕ್ಕೆ ಇದೂ ಒಂದು ಕಾರಣ.

ಫಿಕ್ಸ್‌ಡ್ ಬಯಾಸ್ (ಗ್ರಿಡ್ಡಿಗೆ ಬೇರೆಯಾಗಿ ವೋಲ್ಟೇಜ್ ಕೊಡುವುದು) ಆದರೆ ಅಳೆಯಬೇಕು. ಇಎಲ್34ರ ಮಿತಿ 25 ವ್ಯಾಟ್. ಅದರ ಶೇಕಡಾ 70 ಎಂದರೆ 17.5. ಪ್ಲೇಟಿನಲ್ಲಿ 430 ವೋಲ್ಟ್ ಇದ್ದರೆ ಭಾಗಿಸಿ, ಸುಮಾರು 40 ಮಿಲಿಆಂಪ್ ಬರುತ್ತದೆ. ಕ್ಯಾಥೋಡಿನಲ್ಲಿ 1 ಓಮ್ ರೆಸಿಸ್ಟರ್ ಇದ್ದರೆ ಅದರ ಮೇಲೆ 40 ಮಿಲಿವೋಲ್ಟ್ ಓದಬೇಕು. ಹಳೇ ವಾಲ್ವಿಗೆ ನಾನು 35ರಲ್ಲೇ ನಿಲ್ಲಿಸುತ್ತೇನೆ. ವಯಸ್ಸಾದವರನ್ನು ಓಡಿಸಬಾರದು. ರಾತ್ರಿ ವೋಲ್ಟೇಜ್ ಏರಿದಾಗ ಹೊಂದಿಸಿ, ಸಂಜೆ ಕುಸಿದಾಗ ಅಲ್ಲ.

ಒಳಗೆ 300ರಿಂದ 450 ವೋಲ್ಟ್ ಡಿಸಿ ಇರುತ್ತದೆ. ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತದೆ. ಅಭ್ಯಾಸ ಇಲ್ಲದಿದ್ದರೆ ತಳ ಬಿಚ್ಚಬೇಡಿ. ಸ್ಪೀಕರ್ ಜೋಡಿಸದೆ ಆನ್ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋದರೆ ವಾಲ್ವಿನ ಹತ್ತು ಪಟ್ಟು ಅಳಬೇಕಾಗುತ್ತದೆ.

ವಾಲ್ವಿನ ಪ್ಲೇಟ್ ಕೆಂಪಗಾಗುತ್ತಿದೆ, ಚೆಂದ ಕಾಣುತ್ತದೆ. ಪರವಾಗಿಲ್ವಾ?

ಓದುವುದು ನಿಲ್ಲಿಸಿ, ಹೋಗಿ ಆಫ್ ಮಾಡಿ.

ನಡುವಿನ ಹೀಟರ್ ಕಿತ್ತಳೆ ಬಣ್ಣದಲ್ಲಿ ಹೊಳೆಯುವುದು ಸರಿ. ಹೊರಗಿನ ಬೂದು ತಗಡು ಕೆಂಪಾದರೆ ವಾಲ್ವ್ ಸಾಯುತ್ತಿದೆ. ಬಯಾಸ್ ಹೋಗಿರಬಹುದು. ಹಳೇ ಸೆಟ್‌ನಲ್ಲಿ ಜಾಸ್ತಿ ಸಲ ತಪ್ಪು ಎರಡು ಹಂತಗಳ ನಡುವಿನ ಕಪ್ಲಿಂಗ್ ಕೆಪಾಸಿಟರಿನದು. ಅದು ಸೋರಿದರೆ ಗ್ರಿಡ್ಡಿಗೆ ಪಾಸಿಟಿವ್ ವೋಲ್ಟೇಜ್ ಬಂದು ವಾಲ್ವ್ ಪೂರ್ತಿ ತೆರೆದುಕೊಳ್ಳುತ್ತದೆ. ನಾನು ಒಮ್ಮೆ ಹಳೇ ಪೇಪರ್ ಕೆಪಾಸಿಟರ್ "ಇನ್ನೂ ಚೆನ್ನಾಗಿದೆ" ಎಂದು ಹಾಗೇ ಬಿಟ್ಟು ಎರಡು ಒಳ್ಳೇ ಇಎಲ್84 ಕೊಂದಿದ್ದೇನೆ. ಕೆಪಾಸಿಟರಿಗೆ ಕೊಡಬೇಕಿದ್ದದ್ದು ಒಂದು ಮಸಾಲೆ ದೋಸೆಯ ದುಡ್ಡು.

ಒಳಗೆ ನೀಲಿ ಬೆಳಕು ಕಾಣುತ್ತದೆ?

ಗಾಜಿನ ಒಳಮೈಗೆ ಅಂಟಿದಂತೆ ಕಡುನೀಲಿ ಇದ್ದರೆ ಹೆದರಬೇಡಿ. ಹಾಡಿನ ಜೊತೆ ಕುಣಿಯುತ್ತದೆ, ನೋಡಿ ಖುಷಿಪಡಿ. ಪ್ಲೇಟಿನ ಒಳಗೆ ನೇರಳೆ, ಗುಲಾಬಿ ಮಂಜಿನಂತೆ ತುಂಬಿಕೊಂಡರೆ ಅನಿಲ ಸೇರಿದೆ, ತೆಗೆದಿಡಿ.

ಮಳೆಗಾಲದಲ್ಲಿ ಹೇಗೆ ಕಾಪಾಡುವುದು?

ವಾಲ್ವ್ ಗಾಜು, ಅದಕ್ಕೇನೂ ಆಗುವುದಿಲ್ಲ. ತೊಂದರೆ ಸಾಕೆಟ್ಟಿಗೆ, ಟ್ರಾನ್ಸ್‌ಫಾರ್ಮರಿಗೆ. ಹಳೇ ಟ್ರಾನ್ಸ್‌ಫಾರ್ಮರಿನ ಪದರಗಳ ನಡುವೆ ಕಾಗದ ಇರುತ್ತದೆ, ಅದು ತೇವ ಹೀರುತ್ತದೆ. ಜೂನ್‌ನಲ್ಲಿ ಮುಚ್ಚಿಟ್ಟು ಸೆಪ್ಟೆಂಬರಿನಲ್ಲಿ ನೇರ 230ಕ್ಕೆ ಹಾಕಿದರೆ ಒಳಗೆ ಕಿಡಿ ಹಾರಬಹುದು. ದಿನಾ ಒಂದು ಗಂಟೆ ಹಚ್ಚುವುದೇ ಒಳ್ಳೇ ಉಪಾಯ. ಮುಚ್ಚಿಟ್ಟದ್ದೇ ಆದರೆ ಡಿಮ್ಮರ್‌ಸ್ಟಾಟ್ (ವೋಲ್ಟೇಜ್ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್) ಇದ್ದವರು ಮೆಲ್ಲಗೆ ಏರಿಸಿ, ಇಲ್ಲದವರು 100 ವ್ಯಾಟಿನ ಹಳೇ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ ಶುರು ಮಾಡಿ. ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಏನೋ ಶಾರ್ಟ್ ಆಗಿದೆ.

ಏಪ್ರಿಲ್, ಮೇ ತಿಂಗಳ ಗುಡುಗಿಗೆ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಸಾಲದು. ತಳದ ತೂತುಗಳಿಗೆ ಸಣ್ಣ ಜಾಲರಿ ಹಾಕಿ. ಬೆಚ್ಚಗಿನ ಜಾಗ ಹುಡುಕಿಕೊಂಡು ಹಲ್ಲಿ ಬರುತ್ತದೆ. 400 ವೋಲ್ಟಿಗೆ ಅಡ್ಡ ಬಿದ್ದ ಹಲ್ಲಿಯ ವಾಸನೆ ಮೂರು ದಿನ ಹೋಗುವುದಿಲ್ಲ. ಕುಂಬಾರ ಹುಳ ಸಾಕೆಟ್ಟಿನ ಒಳಗೇ ಮಣ್ಣಿನ ಗೂಡು ಕಟ್ಟಿದ್ದನ್ನೂ ನೋಡಿದ್ದೇನೆ.

ಹಳೇ ಮೈಕ್ ಸೆಟ್ ಆಂಪ್ಲಿಫೈಯರ್ ಸಿಕ್ಕಿದೆ, ಮನೆಗೆ ಬಳಸಬಹುದಾ?

ವಾಲ್ವಿಗಾಗಿ ತೆಗೆದುಕೊಳ್ಳಿ, ದನಿಗಾಗಿ ಬೇಡ. ಜಾತ್ರೆ, ಮದುವೆಯ ಹಾರ್ನ್ ಸ್ಪೀಕರುಗಳಿಗೆ ಉದ್ದ ತಂತಿ ಎಳೆಯಲು 100 ವೋಲ್ಟ್ ಲೈನಿಗೆ ಮಾಡಿದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಅದರಲ್ಲಿ ಇರುತ್ತದೆ. ಬೇಸ್ ಇಲ್ಲ, ಮೇಲಿನ ಸ್ವರವೂ ಇಲ್ಲ. 807 ವಾಲ್ವ್ ಇದ್ದರೆ ಜಾಗ್ರತೆ, ಅದರ ನೆತ್ತಿಯ ಟೋಪಿಯಲ್ಲೇ ಪ್ಲೇಟ್ ವೋಲ್ಟೇಜ್ ಇರುತ್ತದೆ. ಮಕ್ಕಳಿರುವ ಮನೆಗೆ ಬೇಡವೇ ಬೇಡ.

ಎಷ್ಟು ವರ್ಷ ಬಾಳುತ್ತದೆ?

ಸರಿಯಾಗಿ ನೋಡಿಕೊಂಡರೆ ಪವರ್ ವಾಲ್ವಿಗೆ ಎರಡು ಮೂರು ಸಾವಿರ ಗಂಟೆ ಎಂದಿಟ್ಟುಕೊಳ್ಳಿ. ದಿನಕ್ಕೆ ಎರಡು ಗಂಟೆಯಂತೆ ಸುಮಾರು ಮೂರರಿಂದ ನಾಲ್ಕು ವರ್ಷ. ಒಳ್ಳೇ ಹಳೇದು ಇದನ್ನು ಮೀರಿ ಓಡಿದ್ದೂ ಇದೆ.

ಹಾಗಾದರೆ ಹೊಸದನ್ನೇ ತೆಗೆದುಕೊಳ್ಳಬಾರದೇಕೆ?

ತೆಗೆದುಕೊಳ್ಳಿ. ಸ್ಲೊವಾಕಿಯಾದ ಜೆಜೆ, ರಷ್ಯಾದ, ಚೀನಾದ ವಾಲ್ವ್‌ಗಳು ಸಿಗುತ್ತವೆ, ಅಳೆದು ಜೋಡಿ ಮಾಡಿ ಕಳಿಸುವವರಿದ್ದಾರೆ. ಆಂಪ್ಲಿಫೈಯರ್ ಹೊಸದಾಗಿ ಕಟ್ಟಿದ್ದರೆ ಮೊದಲ ಆರು ತಿಂಗಳು ಹೊಸ ವಾಲ್ವಿನಲ್ಲೇ ಓಡಿಸಿ. ತಪ್ಪುಗಳೆಲ್ಲ ಅದರ ಮೇಲೆಯೇ ಆಗಲಿ.

ನಿಮ್ಮ ಮನೆಯಲ್ಲಿ ಯಾವುದಿದೆ?

ದಿನಬಳಕೆಗೆ ನಾಲ್ಕು ಬಿಇಎಲ್ ಇಎಲ್84. ಹಾಸನದ ಹಳೇ ರೇಡಿಯೋ ರಿಪೇರಿಯವರೊಬ್ಬರು ಅಂಗಡಿ ಮುಚ್ಚುವಾಗ ಡ್ರಾಯರ್ ಸಮೇತ ಕೊಟ್ಟದ್ದು. ಕೋಡ್ ಇರುವ ಅಸಲಿ ಮುಲ್ಲಾರ್ಡ್ ನಾಲ್ಕು ಹತ್ತಿಯಲ್ಲಿ ಸುತ್ತಿ ಬಿಸ್ಕತ್ತಿನ ಡಬ್ಬಿಯಲ್ಲಿವೆ. ದೀಪಾವಳಿಗೆ ಹೊರಗೆ ಬರುತ್ತವೆ. ಹಬ್ಬದ ಸಂಜೆ ಸುತ್ತಮುತ್ತ ಒಂದು ಮೋಟರೂ ಓಡುವುದಿಲ್ಲ, ಸ್ಟೆಬಿಲೈಸರಿನ ಮುಳ್ಳು 230ರಲ್ಲಿ ಸುಮ್ನೆ ನಿಂತಿರುತ್ತದೆ. ಎರಡಕ್ಕೂ ವ್ಯತ್ಯಾಸ ಕೇಳುತ್ತದಾ ಎಂದು ಮನೆಯವರನ್ನು ಕೇಳಿದೆ. "ಪಟಾಕಿ ನಿಂತ ಮೇಲೆ ಹೇಳುತ್ತೇನೆ" ಅಂದರು.